ಎರಡಾದ ಸೂರು: ಮಹಾಸೋಂಕಿನ ಕಾಲದಲ್ಲಿ ಕೊಲ್ಲಿನಾಡಿನ ಕನ್ನಡ ಮಕ್ಕಳು ಮತ್ತು ಹೆತ್ತವರು

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ನಡೆದದ್ದನ್ನು ಚರಿತ್ರೆಯ ಪುಸ್ತಕಗಳು ಸಾಕಷ್ಟು ವಿವರವಾಗಿಯೇ ದಾಖಲಿಸಿವೆ. ಪೇಟೆಯ ಇಕ್ಕಟ್ಟಿನ ಬೀದಿಗಳಿಂದ ಜನ ಊರ ಹೊರಗಿನ ಗುಡಿಸಲುಗಳಿಗೆ ಹೋದರು. ಗಾಳಿ ಬೆಳಕುಗಳಿರುವ ಬಡಾವಣೆಗಳು ಬೇಕೆಂಬ ಅರಿವಿನಿಂದ ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ಸತ್ತವರ ಲೆಕ್ಕವೂ ಸಿಗುತ್ತದೆ. ಆದರೆ ಆ ಗುಡಿಸಲಿನಲ್ಲಿ ಮಲಗಿದ್ದ ಎಂಟು ವರ್ಷದ ಹುಡುಗಿಯೊಬ್ಬಳು ರಾತ್ರಿ ಏನನ್ನು ನೆನೆದು ಬೆಚ್ಚಿಬೀಳುತ್ತಿದ್ದಳು, ಅವಳ ತಾಯಿ ಅದಕ್ಕೆ ಏನು ಹೇಳುತ್ತಿದ್ದಳು ಎಂಬುದು ಯಾವ ಸರ್ಕಾರಿ ವರದಿಯಲ್ಲಿಯೂ ಇಲ್ಲ. ಮನಸ್ಸಿನ ಮಾತು ಕಡತಕ್ಕೆ ಸೇರುವುದು ಕಡಿಮೆ; ಮಕ್ಕಳ ಮನಸ್ಸಿನ ಮಾತಂತೂ ಸೇರುವುದೇ ಇಲ್ಲ.

ನಮ್ಮ ಕಾಲದ ಮಹಾಸೋಂಕಿಗೂ ಹಾಗಾಗಬಾರದು ಎಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ದುಬೈ ಮತ್ತು ಅಬುಧಾಬಿಯ ಕನ್ನಡ ಕುಟುಂಬಗಳ ಮಟ್ಟಿಗೆ 2020 ಮತ್ತು 2021 ಬರಿಯ ರೋಗದ ವರ್ಷಗಳಾಗಿರಲಿಲ್ಲ. ನಾಲ್ಕು ದಶಕಗಳಲ್ಲಿ ಬಹಳ ಕಷ್ಟಪಟ್ಟು ಒಂದೇ ಸೂರಿನ ಕೆಳಗೆ ಬಂದಿದ್ದ ಸಂಸಾರಗಳು ಕೆಲವೇ ವಾರಗಳಲ್ಲಿ ಮತ್ತೆ ಎರಡಾದ ವರ್ಷಗಳವು. ನಮ್ಮ ಮಕ್ಕಳ ಆತಂಕದ ಬೇರು ವೈರಾಣುವಿಗಿಂತ ಹೆಚ್ಚಾಗಿ ಈ ಒಡೆತದಲ್ಲಿತ್ತು ಎಂಬುದು ನನ್ನ ತಿಳಿವಳಿಕೆ. ಅದನ್ನು ಅರಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1971ರ ಡಿಸೆಂಬರ್ 2ರಂದು ಸಂಯುಕ್ತ ಅರಬ್ ಸಂಸ್ಥಾನ ಉದಯಿಸಿತು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕಟ್ಟಡ, ರಸ್ತೆ, ಬಂದರು, ಆಸ್ಪತ್ರೆಗಳ ಕೆಲಸಕ್ಕೆ ನಮ್ಮ ಕರಾವಳಿಯ ಗಂಡಸರು ಹೊರಟರು. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಕಾಸರಗೋಡುಗಳಿಂದ ಬಸ್ಸಿನಲ್ಲಿ ಮುಂಬಯಿ, ಅಲ್ಲಿಂದ ವಿಮಾನ. ಮಂಗಳೂರಿನಿಂದಲೇ ದುಬೈಗೆ ವಿಮಾನ ಹಾರಿದ್ದು 2006ರಲ್ಲಿ ಎಂಬುದನ್ನು ಇಂದಿನ ಮಕ್ಕಳು ನಂಬಲಾರರು. ಹೋದವರು ಒಬ್ಬಂಟಿಯಾಗಿ ಹೋದರು. ಹೆಂಡತಿ ಮಕ್ಕಳು ಊರಿನಲ್ಲಿ ಉಳಿದರು. ಕೇರಳದ ಇಂಥ ಕುಟುಂಬಗಳನ್ನು ಕುರಿತು ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದವರು 1998ರಿಂದಲೇ ವಲಸೆಯ ಸಮೀಕ್ಷೆ ನಡೆಸುತ್ತ ಬಂದಿದ್ದಾರೆ. ನಮ್ಮ ಕರಾವಳಿಗೆ ಅಂಥ ಭಾಗ್ಯ ಒದಗಲಿಲ್ಲ. ನಮ್ಮ ದಾಖಲೆ ಏನಿದ್ದರೂ ಕಪಾಟಿನ ಮೇಲಿನ ಟ್ರಂಕಿನಲ್ಲಿದೆ.

ನಮ್ಮ ಮನೆಯ ಟ್ರಂಕಿನಲ್ಲಿ ಏಳು ಕ್ಯಾಸೆಟ್ಟುಗಳಿವೆ. ನನ್ನ ತಂದೆ 1981ರಲ್ಲಿ ಅಬುಧಾಬಿಗೆ ಬಂದರು. ಬೈಂದೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಆಗ ಫೋನು ಇರಲಿಲ್ಲ. ಊರಿಗೆ ಬರುವ ಯಾರಾದರೂ ಸಿಕ್ಕಿದರೆ ಅಪ್ಪಯ್ಯ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳುಹಿಸುತ್ತಿದ್ದರು. ಅಮ್ಮನಿಗೆ ಒಂದಿಷ್ಟು, ಅಜ್ಜನಿಗೆ ಒಂದಿಷ್ಟು, ಕೊನೆಯಲ್ಲಿ ನನಗೆ ಎರಡು ನಿಮಿಷ. ಓದು ಹೇಗಿದೆ, ಅಮ್ಮನಿಗೆ ಕಾಟ ಕೊಡಬೇಡ, ಎಂಬಿಷ್ಟೇ ಮಾತು. ಹಿನ್ನೆಲೆಯಲ್ಲಿ ಹವಾನಿಯಂತ್ರಣ ಯಂತ್ರದ ಗುಂಯ್‌ಗುಡುವಿಕೆ. ಆ ಸದ್ದನ್ನೇ ನಾನು ದುಬಾಯಿ ಎಂದುಕೊಂಡಿದ್ದೆ. (ಊರಿನವರಿಗೆ ಅಬುಧಾಬಿಯೂ ದುಬಾಯಿಯೇ, ಮಸ್ಕತ್ತೂ ದುಬಾಯಿಯೇ.) ಎರಡು ವರ್ಷಕ್ಕೊಮ್ಮೆ ಬಂದು ಎರಡು ತಿಂಗಳು ಇದ್ದು ಹೋಗುವ ಆ ಮನುಷ್ಯನ ಎದುರು ನಾನು ಮೊದಲ ವಾರ ಮಾತನಾಡುತ್ತಿರಲಿಲ್ಲವಂತೆ. ಇದನ್ನು ಆಗ ಯಾರೂ ಮಾನಸಿಕ ಆರೋಗ್ಯದ ಪ್ರಶ್ನೆ ಎಂದು ಭಾವಿಸಲಿಲ್ಲ. ನಾಚಿಕೆ ಎಂದರು.

1990ರ ಆಗಸ್ಟಿನಲ್ಲಿ ಇರಾಕು ಕುವೈತನ್ನು ಆಕ್ರಮಿಸಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ ವಿಮಾನಗಳು ಊರಿಗೆ ತಂದವು. 2010ರ ಮೇ 22ರಂದು ದುಬೈಯಿಂದ ಹೊರಟ ವಿಮಾನ ಮಂಗಳೂರಿನ ಕೆಂಜಾರಿನಲ್ಲಿ ಕಣಿವೆಗೆ ಉರುಳಿ 158 ಜನ ತೀರಿಕೊಂಡರು. ಕೊಲ್ಲಿಯ ದುಡಿಮೆ ಒಂದೇ ದಿನದಲ್ಲಿ ಇಲ್ಲವಾಗಬಹುದು ಎಂಬ ಅರಿವು ಹೀಗೆ ನಮ್ಮ ಮನೆಗಳಲ್ಲಿ ಹಳೆಯದೇ. ಆದರೂ ತೊಂಬತ್ತರ ದಶಕದಿಂದೀಚೆಗೆ, ಸಂಬಳ ತುಸು ಏರಿದ ಹಾಗೆ, ಕುಟುಂಬದ ವೀಸಾ ಮಾಡಿಸಿ ಹೆಂಡತಿ ಮಕ್ಕಳನ್ನು ಕರೆತರುವ ತಲೆಮಾರು ಹುಟ್ಟಿತು. ಕರಾಮ, ಬರ್ ದುಬೈ, ಅಲ್ ನಹ್ದಾ, ಖುಸೈಸ್, ಮುಸಫ್ಫಾಗಳಲ್ಲಿ ಕನ್ನಡದ ಅಡುಗೆಮನೆಗಳು ಹೊಗೆಯಾಡಿದವು. ಶುಕ್ರವಾರ ಯಕ್ಷಗಾನದ ಅಭ್ಯಾಸ, ಸಂಘದ ಕಾರ್ಯಕ್ರಮ, ಮಕ್ಕಳಿಗೆ ಕನ್ನಡ ಪಾಠ. ನಾನು ಆ ತಲೆಮಾರಿನವನು. ನನ್ನ ಮಕ್ಕಳು ಅಪ್ಪನನ್ನು ಕ್ಯಾಸೆಟ್ಟಿನಲ್ಲಿ ಕೇಳಬೇಕಾಗಿಲ್ಲ ಎಂಬುದು ನನ್ನ ಬಹುದೊಡ್ಡ ಗಳಿಕೆ ಎಂದುಕೊಂಡಿದ್ದೆ.

ಈ ಗಳಿಕೆಯ ಅಡಿಪಾಯ ಮಾತ್ರ ತೆಳುವಾಗಿತ್ತು. ಇಲ್ಲಿ ಹೆಂಡತಿ ಮಕ್ಕಳ ವಾಸ್ತವ್ಯದ ಪರವಾನಗಿ ಸಾಮಾನ್ಯವಾಗಿ ದುಡಿಯುವವನ ಪರವಾನಗಿಗೆ ಕಟ್ಟಿಕೊಂಡಿರುತ್ತದೆ. ಅವನ ಪರವಾನಗಿ ಅವನ ಕೆಲಸಕ್ಕೆ ಕಟ್ಟಿಕೊಂಡಿರುತ್ತದೆ. ಕೆಲಸ ಹೋದರೆ ಮನೆ ಹೋಗುತ್ತದೆ, ಶಾಲೆ ಹೋಗುತ್ತದೆ, ಗೆಳೆಯರು ಹೋಗುತ್ತಾರೆ, ದೇಶವೇ ಹೋಗುತ್ತದೆ. ಇಲ್ಲಿ ಹುಟ್ಟಿ ಬೆಳೆದ ಮಗುವಿಗೂ ಇದರಿಂದ ವಿನಾಯಿತಿ ಇಲ್ಲ. ಬೆಂಗಳೂರಿನಲ್ಲಿ ಅಪ್ಪನ ಕೆಲಸ ಹೋದರೆ ಮಗುವಿಗೆ ಕಷ್ಟ ಬರುತ್ತದೆ, ಆದರೆ ಊರು ಬಿಡಬೇಕಾಗಿ ಬರುವುದಿಲ್ಲ. ಈ ಒಂದು ವ್ಯತ್ಯಾಸ ಮುಂದಿನ ಎಲ್ಲ ಕಥೆಯನ್ನೂ ರೂಪಿಸಿತು.

2020ರ ಜನವರಿ 29ರಂದು ಇಲ್ಲಿ ಮೊದಲ ಸೋಂಕು ಪತ್ತೆಯಾಯಿತು. ಮಾರ್ಚ್ 8ರಿಂದ ಶಾಲೆಗಳು ಮುಚ್ಚಿದವು; ವಸಂತದ ರಜೆಯನ್ನು ಮುಂದಕ್ಕೆ ತಂದಿದ್ದಾರೆ ಎಂದು ಮಕ್ಕಳು ಕುಣಿದರು. ಮಾರ್ಚ್ 22ರಿಂದ ದೂರಶಿಕ್ಷಣ. ಅದೇ ದಿನ ಭಾರತ ಅಂತರರಾಷ್ಟ್ರೀಯ ವಿಮಾನಗಳನ್ನು ತಡೆಯಿತು. ಎರಡು ಮೂರು ದಿನಗಳಲ್ಲಿ ಇಲ್ಲಿಯ ಪ್ರಯಾಣಿಕ ವಿಮಾನಗಳೂ ನಿಂತವು. ಏಪ್ರಿಲ್ 4ರ ರಾತ್ರಿಯಿಂದ ದುಬೈಯಲ್ಲಿ ಇಡೀ ದಿನದ ನಿರ್ಬಂಧ. ದಿನಸಿಗೆ, ಔಷಧಿಗೆ ಹೊರಡಬೇಕಾದರೂ ಪರವಾನಗಿ ಪಡೆಯಬೇಕಾಗಿತ್ತು. ಏಪ್ರಿಲ್ 24ರ ಹೊತ್ತಿಗೆ, ರಂಜಾನ್ ಆರಂಭವಾದಾಗ, ಅದು ಸಡಿಲವಾಯಿತು. ಮೂರು ವಾರ ಎಂದರೆ ಈಗ ಸಣ್ಣದೆನಿಸುತ್ತದೆ. ಒಂದು ಮಲಗುವ ಕೋಣೆಯ ಫ್ಲ್ಯಾಟಿನಲ್ಲಿ, ಹಾಲನ್ನು ಇನ್ನೊಂದು ಕುಟುಂಬದೊಡನೆ ಹಂಚಿಕೊಂಡಿದ್ದವರಿಗೆ ಅದು ಸಣ್ಣದಾಗಿರಲಿಲ್ಲ.

ಆ ಫ್ಲ್ಯಾಟುಗಳ ಒಳಗಿನ ಜೀವನವನ್ನು ನಾವೇ ಮರೆಯುವ ಮೊದಲು ಬರೆದಿಡಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಮಗುವಿನ ಗಣಿತ, ಮಂಚದ ಮೇಲೆ ಇನ್ನೊಂದರ ಅರೇಬಿಕ್ ಪಾಠ, ಬಾಲ್ಕನಿಯಲ್ಲಿ ಅಪ್ಪನ ಕಚೇರಿಯ ಕರೆ. ಇಂಟರ್ನೆಟ್ ಸಂಪರ್ಕವಿಲ್ಲದ ಮನೆಗಳ ಮಕ್ಕಳಿಗೆ ಇಲ್ಲಿಯ ಎರಡು ದೂರವಾಣಿ ಕಂಪೆನಿಗಳು ಮೊಬೈಲಿನ ಡೇಟಾ ಉಚಿತವಾಗಿ ಕೊಟ್ಟವು. ಅದು ದೊಡ್ಡ ಉಪಕಾರ. ಈ ದೇಶದಲ್ಲಿ ವಾಟ್ಸ್‌ಆ್ಯಪ್ ಕರೆಗಳಿಗೆ ಅನುಮತಿ ಇಲ್ಲ ಎಂಬುದು ನಮಗೆಲ್ಲ ಗೊತ್ತಿರುವುದೇ. ದೂರಶಿಕ್ಷಣಕ್ಕೆಂದು ಆ ಮಾರ್ಚಿನಲ್ಲಿ ಝೂಮ್, ಮೈಕ್ರೋಸಾಫ್ಟ್ ಟೀಮ್ಸ್ ಮುಂತಾದವನ್ನು ಬಿಟ್ಟುಕೊಟ್ಟರು. ಹೀಗೆ ಪಾಠಕ್ಕೆಂದು ಬಂದ ಪರದೆಯಲ್ಲಿಯೇ ಎಷ್ಟೋ ಮಕ್ಕಳು ಅಜ್ಜಿಯ ಮುಖವನ್ನು ಕಂಡರು. ಮುಂದೆ ಕೆಲವರು ಅಜ್ಜಿಯ ಅಂತ್ಯಕ್ರಿಯೆಯನ್ನೂ ಅದರಲ್ಲಿಯೇ ಕಂಡರು.

ಚಿಕ್ಕ ಮಕ್ಕಳಿಗಾದ ಒಂದು ವಿಚಿತ್ರ ಗಾಯವನ್ನು ಹೇಳಲೇಬೇಕು. ಏಪ್ರಿಲ್ ಕೊನೆಯಲ್ಲಿ ದುಬೈಯ ಮಾಲ್‌ಗಳು ತೆರೆದಾಗ 3ರಿಂದ 12 ವರ್ಷದ ಮಕ್ಕಳಿಗೂ 60 ದಾಟಿದವರಿಗೂ ಪ್ರವೇಶವಿರಲಿಲ್ಲ. ಅವರ ರಕ್ಷಣೆಗಾಗಿಯೇ ಮಾಡಿದ ನಿಯಮ, ತಪ್ಪೆನ್ನಲಾರೆ. ಆದರೆ ಬೇಸಿಗೆಯಲ್ಲಿ ಇಲ್ಲಿಯ ಮಗುವಿಗೆ ಮಾಲ್ ಎಂದರೆ ಬಯಲು, ತೋಟ, ಜಾತ್ರೆ ಎಲ್ಲವೂ. ಆರು ವರ್ಷದ ನನ್ನ ಮಗ, ತಾನು ಏನು ತಪ್ಪು ಮಾಡಿದ್ದೇನೆಂದು ಒಳಗೆ ಬಿಡುವುದಿಲ್ಲ ಎಂದು ಕೇಳಿದ. ಆಮೇಲೆ, ತನಗೆ ಹನ್ನೆರಡು ಯಾವಾಗ ಆಗುತ್ತದೆ ಎಂದು ಬೆರಳು ಮಡಿಸಿ ಎಣಿಸಿದ. ಜೂನ್ 18ರಂದು ಆ ನಿಷೇಧ ತೆರವಾದಾಗ ಅವನು ದುಬೈಯಲ್ಲಿ ಇರಲಿಲ್ಲ.

ಹದಿಹರೆಯದವರ ಸಂಕಟ ಬೇರೆಯದು. ಮಾರ್ಚಿನಲ್ಲಿ ಸಿಬಿಎಸ್‌ಇ ಪರೀಕ್ಷೆಗಳು ಅರ್ಧಕ್ಕೆ ನಿಂತವು; ಭಾರತದ ಹೊರಗಿನ ಶಾಲೆಗಳಿಗೆ ಉಳಿದ ಪರೀಕ್ಷೆಗಳನ್ನು ನಡೆಸುವುದೇ ಇಲ್ಲ ಎಂದು ಏಪ್ರಿಲ್ 1ರಂದು ಮಂಡಳಿ ಪ್ರಕಟಿಸಿತು. ಹನ್ನೆರಡನೆಯ ತರಗತಿ ಮುಗಿಸಿ ಮಂಗಳೂರು, ಮಣಿಪಾಲ, ಬೆಂಗಳೂರುಗಳ ಕಾಲೇಜಿಗೆ ಹೋಗಬೇಕಾದ ಮಕ್ಕಳು ಅಂಕವೂ ಇಲ್ಲದೆ ವಿಮಾನವೂ ಇಲ್ಲದೆ ಉಳಿದರು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಆ ವರ್ಷ ಕೊಲ್ಲಿಯಲ್ಲಿ ಕೇಂದ್ರವಿರಲಿಲ್ಲ. ಪೋಷಕರು ಸುಪ್ರೀಂ ಕೋರ್ಟಿಗೆ ಹೋದರೂ ಕೇಂದ್ರ ಸಿಗಲಿಲ್ಲ. ಸೆಪ್ಟೆಂಬರ್ 13ರ ಪರೀಕ್ಷೆಗೆ ಹದಿನೇಳು ಹದಿನೆಂಟರ ಮಕ್ಕಳು ವಿಶೇಷ ವಿಮಾನಗಳಲ್ಲಿ ಹಾರಬೇಕಾಯಿತು. ಮರುವರ್ಷ ದುಬೈಗೂ ಕುವೈತಿಗೂ ಕೇಂದ್ರ ಕೊಟ್ಟರು. ಒಂದು ವರ್ಷ ತಡವಾಗಿ.

ಇನ್ನು ಹೆತ್ತವರ ಮಾತು. 2020ರ ಮಾರ್ಚ್ ಕೊನೆಯಲ್ಲಿ ಹೊರಟ 279ನೆಯ ಸಂಖ್ಯೆಯ ಸಚಿವಾಲಯದ ನಿರ್ಣಯ, ನೌಕರನ ಒಪ್ಪಿಗೆಯ ಮೇಲೆ ಸಂಬಳ ಕಡಿತಕ್ಕೂ ಸಂಬಳವಿಲ್ಲದ ರಜೆಗೂ ದಾರಿ ಮಾಡಿಕೊಟ್ಟಿತು. ಒಪ್ಪದೆ ಏನು ಮಾಡಿಯಾನು? ಅಬುಧಾಬಿಯ ಕರಾವಳಿಗರಿಗೆ ಇನ್ನೊಂದು ಆಘಾತವೂ ಅದೇ ಹೊತ್ತಿಗೆ ಬಂತು. ಉಡುಪಿಯ ಬಿ.ಆರ್. ಶೆಟ್ಟರು 1975ರಲ್ಲಿ ಕಟ್ಟಿದ ಎನ್‌ಎಂಸಿ ಸಂಸ್ಥೆ ಏಪ್ರಿಲ್‌ನಲ್ಲಿ ಲಂಡನ್ನಿನ ನ್ಯಾಯಾಲಯದ ಆದೇಶದಂತೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಆಸ್ಪತ್ರೆಗಳು ನಡೆಯುತ್ತಲೇ ಇದ್ದವು, ಆದರೆ ನಮ್ಮವರ ಪಾಲಿಗೆ ಅದು ಬರಿಯ ಕಂಪೆನಿಯಾಗಿರಲಿಲ್ಲ. ಊರಿನ ಹುಡುಗರಿಗೆ ಇಲ್ಲಿ ಬಾಗಿಲು ತೆರೆದ ಹೆಸರಾಗಿತ್ತು. ಊಟದ ಹೊತ್ತಿನ ಮಾತುಕತೆಯೆಲ್ಲ ಅದೇ ಆಯಿತು. ಊಟಕ್ಕೆ ಮಕ್ಕಳೂ ಕುಳಿತಿರುತ್ತಾರೆ.

ನಾನು ದುಡಿಯುತ್ತಿದ್ದ ಕಡೆ ಏಪ್ರಿಲ್‌ನಿಂದ ಅರ್ಧ ಸಂಬಳ. ನಾನೂ ಹೆಂಡತಿಯೂ ಮಕ್ಕಳ ಮುಂದೆ ಈ ವಿಷಯ ಎತ್ತಬಾರದೆಂದು ನಿಶ್ಚಯಿಸಿ, ರಾತ್ರಿ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನು ಹಾಕಿಕೊಂಡು ಪಿಸುಗುಟ್ಟುತ್ತಿದ್ದೆವು. ಏಳನೆಯ ತರಗತಿಯ ಮಗಳು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮೊಬೈಲಿನಲ್ಲಿ ಮುಳುಗಿರುತ್ತಿದ್ದಳು. ಇಡೀ ದಿನ ಪರದೆ ಎಂದು ನಾನು ಗದರುತ್ತಿದ್ದೆ.

ಇತ್ತ ಭಾರತ ಸರ್ಕಾರದ ವಂದೇ ಭಾರತ್ ವಿಮಾನಗಳು ಮೇ 7ರಂದು ಆರಂಭವಾದವು. ಅಂದು ಅಬುಧಾಬಿಯಿಂದಲೂ ದುಬೈಯಿಂದಲೂ ಹೊರಟ ವಿಮಾನಗಳೆರಡೂ ಕೇರಳಕ್ಕೆ. ಕರ್ನಾಟಕಕ್ಕೆ ಏಕಿಲ್ಲ ಎಂದು ನಮ್ಮವರು ಕೂಗೆಬ್ಬಿಸಿದರು. ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಇಳಿದದ್ದು ಮೇ 12ರ ರಾತ್ರಿ. ಗರ್ಭಿಣಿಯರು, ರೋಗಿಗಳು, ವೃದ್ಧರು, ಕೆಲಸ ಕಳೆದುಕೊಂಡವರು ಅದರಲ್ಲಿ ಮೊದಲಿಗರು. ಆಮೇಲೆ ಬಾಡಿಗೆ ವಿಮಾನಗಳೂ ಹೊರಟವು. ಆ ವಾರಗಳಲ್ಲಿ ಸಂಘಗಳ ಸ್ವಯಂಸೇವಕರು ಪಟ್ಟಿ ಮಾಡುತ್ತ, ದೂತಾವಾಸಕ್ಕೆ ಬರೆಯುತ್ತ, ಊಟದ ಪೊಟ್ಟಣ ಹಂಚುತ್ತ ಮಾಡಿದ ಕೆಲಸವನ್ನು ಬೇರೊಬ್ಬರು ಬರೆಯಬೇಕು. ನಾನು ಅದರಲ್ಲಿ ಭಾಗಿಯಾಗಿದ್ದೆನಾದ್ದರಿಂದ ನನ್ನ ಮಾತಿಗೆ ಬೆಲೆ ಕಡಿಮೆ. ಆ ಪಟ್ಟಿಗಳಲ್ಲಿ ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ. ಜೂನ್ ತಿಂಗಳ ಹೊತ್ತಿಗೆ, ಗಂಡನ ಹೆಸರಿಲ್ಲದೆ ತಾಯಿ ಮತ್ತು ಮಕ್ಕಳ ಹೆಸರುಗಳು ಮಾತ್ರ ಇರುವ ಸಾಲುಗಳು ಕಣ್ಣಿಗೆ ಬೀಳುತ್ತಲೇ ಇದ್ದವು. ಬಾಡಿಗೆ ಮನೆ ಬಿಟ್ಟು, ಗಂಡ ಯಾವುದೋ ಕೋಣೆಯಲ್ಲೊಂದು ಮಂಚ ಹಿಡಿದು, ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸುವುದು. 1981ರ ವ್ಯವಸ್ಥೆಯೇ ಮರಳಿ ಬಂದಿತ್ತು.

ಒಂದು ಸಾಲು ನನ್ನದೂ ಆಯಿತು. ಜೂನ್ ಎರಡನೆಯ ವಾರ ಹೆಂಡತಿ, ಮಗಳು, ಮಗ ಹೊರಟರು. ಮಗ ಅತ್ತ. ಮಗಳು ಅಳಲಿಲ್ಲ, ತನ್ನ ಪೆಟ್ಟಿಗೆಯನ್ನು ತಾನೇ ತುಂಬಿದಳು, ತಮ್ಮನನ್ನು ಸಮಾಧಾನ ಮಾಡಿದಳು. ಎಷ್ಟು ಜಾಣೆ ಎಂದು ನಾವಿಬ್ಬರೂ ಹೊಗಳಿದೆವು. ಆ ವಾರವೇ ಮನೆ ಖಾಲಿ ಮಾಡುವಾಗ ಅವಳ ಗಣಿತದ ರಫ್ ಪುಸ್ತಕ ಸಿಕ್ಕಿತು. ಕೊನೆಯ ಪುಟಗಳಲ್ಲಿ ಅಂಕಣ ಹಾಕಿ ಬರೆದಿದ್ದಳು: ಅಪ್ಪನ ಸಂಬಳ, ಅದರ ಅರ್ಧ, ಬಾಡಿಗೆ, ಇಬ್ಬರ ಶಾಲೆಯ ಶುಲ್ಕ, ಕರೆಂಟು ನೀರು, ಅಜ್ಜಿಗೆ ಕಳುಹಿಸುವುದು. ಕೂಡಿ ಕಳೆದು ಉಳಿದದ್ದರ ಹಿಂದೆ ಋಣ ಚಿಹ್ನೆ. ಕೆಳಗೆ, ಬಿಡಬಹುದಾದವುಗಳು ಎಂದು ಒಂದು ಪಟ್ಟಿ. ಚಿತ್ರಕಲೆಯ ತರಗತಿ, ತನ್ನ ಹುಟ್ಟುಹಬ್ಬ, ಕೊನೆಯಲ್ಲಿ ‘ನಾನು ಮತ್ತು ತಮ್ಮ’. ನಮ್ಮಿಬ್ಬರನ್ನು ಕಳೆದರೆ ಲೆಕ್ಕ ಸರಿಹೋಗುತ್ತಿತ್ತು. ಹೆಡ್‌ಫೋನಿನಲ್ಲಿ ಆ ದಿನಗಳಲ್ಲಿ ಏನೂ ಹಾಡುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಶಾರ್ಜಾ ವಿಶ್ವವಿದ್ಯಾಲಯದ ಸಂಶೋಧಕರು ಸಂಸ್ಥಾನದಾದ್ಯಂತ ನಡೆಸಿದ ಒಂದು ಸಮೀಕ್ಷೆ 2021ರಲ್ಲಿ ಬಿಎಂಸಿ ಸೈಕಿಯಾಟ್ರಿ ಪತ್ರಿಕೆಯಲ್ಲಿ ಪ್ರಕಟವಾಯಿತು. ತಾವಾಗಿ ಮುಂದೆ ಬಂದು ಉತ್ತರಿಸಿದ ಸುಮಾರು 2,200 ಜನರ ಉತ್ತರಗಳ ಆಧಾರದ ಮೇಲೆ ಅವರು ಕಂಡುಕೊಂಡದ್ದು ಇದು: ತೀವ್ರ ಆತಂಕದಲ್ಲಿದ್ದ ತಂದೆತಾಯಿಯರು ತಮ್ಮ ಮಕ್ಕಳಲ್ಲಿ ಭಾವನಾತ್ಮಕ ತೊಂದರೆಗಳನ್ನು ವರದಿ ಮಾಡುವ ಸಂಭವ ಇತರರಿಗಿಂತ ಸುಮಾರು ಏಳು ಪಟ್ಟು ಹೆಚ್ಚು. ತೊಂದರೆ ಹೆಚ್ಚಾಗಿ ಕಂಡದ್ದು ಪ್ರೌಢ ತರಗತಿಗಳ ಮಕ್ಕಳಲ್ಲಿ. ಇಂಥ ಸಮೀಕ್ಷೆಯಲ್ಲಿ ಉತ್ತರಿಸುವವರು ಹೆತ್ತವರೇ ಹೊರತು ಮಕ್ಕಳಲ್ಲ ಎಂಬುದನ್ನು ನೆನಪಿಡಬೇಕು. ಆ ಮೇ ತಿಂಗಳಲ್ಲಿ ಯಾರಾದರೂ ನನ್ನನ್ನು ಕೇಳಿದ್ದರೆ, ನನ್ನ ಮಗಳಿಗೆ ಏನೂ ತೊಂದರೆಯಿಲ್ಲ, ಮೊಬೈಲಿನ ಚಟವೊಂದು ಬಿಟ್ಟರೆ, ಎಂದೇ ಗುರುತು ಹಾಕುತ್ತಿದ್ದೆ.

ಸಹಾಯ ಎಲ್ಲಿತ್ತು? ಬೆಂಗಳೂರಿನ ನಿಮ್ಹಾನ್ಸ್ ಲಾಕ್‌ಡೌನಿನ ಆರಂಭದಲ್ಲಿಯೇ ಸಹಾಯವಾಣಿ ತೆರೆಯಿತು. ಮುಂದೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ವ್ಯವಸ್ಥೆಗೂ ಅದೇ ಕೇಂದ್ರ. ಇಲ್ಲಿ ಮನಃಶಾಸ್ತ್ರಜ್ಞರು ಇದ್ದರು, ಆದರೆ ಒಂದು ಭೇಟಿಗೆ ನೂರಾರು ದಿರಹಂ, ಮತ್ತು ನಮ್ಮಲ್ಲಿ ಅನೇಕರ ವಿಮೆಯಲ್ಲಿ ಅದು ಸೇರಿರಲಿಲ್ಲ. ಭಾಷೆಯ ತೊಡಕು ಬೇರೆ. ಮಗುವಿಗೆ ಇಂಗ್ಲಿಷಿನಲ್ಲಿ ಹೇಳಿಕೊಳ್ಳಲು ಬರುತ್ತದೆ, ತಾಯಿಗೆ ಬರುವುದಿಲ್ಲ. ಇದೆಲ್ಲಕ್ಕಿಂತ ದೊಡ್ಡ ತಡೆ ಸಂಕೋಚ. ಹುಚ್ಚಲ್ಲವಲ್ಲ, ಡಾಕ್ಟರರ ಬಳಿ ಏಕೆ ಎಂಬ ಮಾತನ್ನು ನಾನೇ ಆಡಿದ್ದೇನೆ. ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ದಶಕಗಳ ಕಾಲ ಕನ್ನಡದಲ್ಲಿ ಬರೆದ ಪುಸ್ತಕಗಳನ್ನು ಓದಿ ಬೆಳೆದ ನಾಡಿನವರು ನಾವು. ಆದರೂ ಸ್ವಂತ ಮನೆಯ ವಿಷಯ ಬಂದಾಗ ಅವೆಲ್ಲ ಮರೆತುಹೋಗುತ್ತವೆ.

ಮಕ್ಕಳನ್ನು ನಿಜವಾಗಿ ಆಧರಿಸಿದ್ದು ಸಣ್ಣ ಪುಟ್ಟ ಏರ್ಪಾಡುಗಳು. 2014ರಿಂದ ಉಚಿತವಾಗಿ ಕನ್ನಡ ಕಲಿಸುತ್ತಿರುವ ದುಬೈಯ ಕನ್ನಡ ಪಾಠಶಾಲೆ ಆ ಕಾಲದಲ್ಲಿ ಪರದೆಯ ಮೇಲೆ ಪಾಠ ಮುಂದುವರಿಸಿತು. ಬೇರೆ ಬೇರೆ ಮನೆಗಳ ತಾಯಂದಿರೂ ಇಂಥ ಕೂಟಗಳನ್ನು ನಡೆಸಿದರು. ನನ್ನ ಮಗಳು ಊರಿನಿಂದಲೇ ಸೇರಿಕೊಂಡ ಒಂದು ಕೂಟದಲ್ಲಿ ಅಕ್ಷರಕ್ಕಿಂತ ಮಾತೇ ಹೆಚ್ಚು. ಶಾಲೆಯ ತರಗತಿಯಲ್ಲಿ ಮೈಕು ಮುಚ್ಚಿಕೊಂಡು ಕುಳಿತಿರಬೇಕಾಗಿದ್ದ ಮಕ್ಕಳು ಅಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಮಾತನಾಡುತ್ತಿದ್ದರು. ಯಾರ ಅಪ್ಪ ಎಲ್ಲಿದ್ದಾರೆ ಎಂಬುದನ್ನು ಅವರು ಪರಸ್ಪರ ಹೇಳಿಕೊಂಡಷ್ಟು ಸರಳವಾಗಿ ನಾವು ದೊಡ್ಡವರು ಹೇಳಿಕೊಳ್ಳಲಿಲ್ಲ.

ಊರಿನಲ್ಲಿ ದುಬೈಯ ಶಾಲೆ ಒಂದೂವರೆ ಗಂಟೆ ತಡವಾಗಿ ಶುರುವಾಗುತ್ತಿತ್ತು. ಮಳೆಗಾಲದಲ್ಲಿ ನೆಟ್‌ವರ್ಕು ಸಿಗದೆ ಮಗಳು ಕೊಡೆ ಹಿಡಿದು ಗುಡ್ಡದ ಮೇಲಿನ ಗೇರುಮರದ ಬುಡದಲ್ಲಿ ಕುಳಿತು ಪಾಠ ಕೇಳುತ್ತಿದ್ದಳು. ರಾತ್ರಿ ನಾನು ಮಂಚದ ಮೇಲೆ ಕುಳಿತು, ಕೋಣೆಯಲ್ಲಿ ಮಲಗಿದ ಇನ್ನಿಬ್ಬರಿಗೆ ತೊಂದರೆಯಾಗದಂತೆ ತಗ್ಗಿದ ದನಿಯಲ್ಲಿ ಕರೆ ಮಾಡುತ್ತಿದ್ದೆ. ಓದು ಹೇಗಿದೆ, ಅಮ್ಮನಿಗೆ ಕಾಟ ಕೊಡಬೇಡ. ಒಂದು ದಿನ ಮಗ ಆಚೆಯಿಂದ, ಅಪ್ಪಾ, ಅದು ಏನು ಸದ್ದು ಎಂದು ಕೇಳಿದ. ಹವಾನಿಯಂತ್ರಣ ಯಂತ್ರದ್ದು. ಪಕ್ಕದಲ್ಲಿ ಕುಳಿತಿದ್ದ ನನ್ನ ಅಮ್ಮ, ಅದು ದುಬಾಯಿ ಸದ್ದು ಮಗಾ ಎಂದರು. ಮೂವತ್ತೈದು ವರ್ಷ ಹಿಂದೆ ನಾನು ಮೊದಲ ವಾರ ಅಪ್ಪಯ್ಯನ ಎದುರು ಮೌನವಾಗಿರುತ್ತಿದ್ದುದು ನಾಚಿಕೆಯಿಂದಲ್ಲ ಎಂದು ಆ ರಾತ್ರಿ ನನಗೆ ಹೊಳೆಯಿತು. ಕೋಪದಿಂದ.

2021ರ ಫೆಬ್ರುವರಿಯಲ್ಲಿ ಸಂಬಳ ಮುಕ್ಕಾಲು ಆಯಿತು, ಅವರನ್ನು ಕರೆಸಿಕೊಂಡೆ. ಅದೃಷ್ಟ ಎನ್ನಬೇಕು. ಏಪ್ರಿಲ್ 24ರ ಮಧ್ಯರಾತ್ರಿಯಿಂದ ಭಾರತದಿಂದ ಬರುವವರಿಗೆ ಪ್ರವೇಶ ನಿಂತಿತು. ಹತ್ತು ದಿನ ಎಂದದ್ದು ಆಗಸ್ಟ್ 5ರವರೆಗೆ ಎಳೆಯಿತು. ಆಗಲೂ ಇಲ್ಲಿ ಎರಡು ಡೋಸ್ ಲಸಿಕೆ ಹಾಕಿಸಿಕೊಂಡ ನಿವಾಸಿಗಳಿಗೆ ಮೊದಲ ಅವಕಾಶ. ಕಾಯಿಲೆಯ ತಾಯಿಯನ್ನು ನೋಡಲು ನಾಲ್ಕು ದಿನಕ್ಕೆಂದು ಹೋದವರು ನಾಲ್ಕು ತಿಂಗಳು ಅಲ್ಲಿಯೇ ಉಳಿದರು. ಅರ್ಮೇನಿಯಾದಲ್ಲಿ ಎರಡು ವಾರ ಕಳೆದು ಸುತ್ತುಬಳಸಿ ಬಂದವರೂ ಇದ್ದಾರೆ. ಅಬುಧಾಬಿಗೆ ಹೋಗಿಬರುವವರಿಗಂತೂ ಈ ದೇಶದ ಒಳಗೇ ಗಡಿ ಇತ್ತು. 2020ರ ಜೂನ್ 2ರಿಂದ ಸಂಚಾರವನ್ನೇ ತಡೆದರು. ಬಳಿಕ ಘಂತೂತಿನ ತಪಾಸಣೆಯಲ್ಲಿ ಸೋಂಕಿಲ್ಲವೆಂಬ ವರದಿ ತೋರಿಸಬೇಕು. ಅದು ತೆರವಾದದ್ದು 2021ರ ಸೆಪ್ಟೆಂಬರ್ 19ರಂದು. ದುಬೈಯಲ್ಲಿ ಮನೆ, ಅಬುಧಾಬಿಯಲ್ಲಿ ಕೆಲಸ ಇರುವವರ ಮಕ್ಕಳು ಒಂದೂವರೆ ಗಂಟೆಯ ದಾರಿಯ ಆಚೆಗಿರುವ ಅಪ್ಪನನ್ನು ವಾರಗಟ್ಟಲೆ ಕಾದರು.

ಅಕ್ಟೋಬರ್ 3ರಿಂದ ದುಬೈಯ ಶಾಲೆಗಳಲ್ಲಿ ಎಲ್ಲ ಮಕ್ಕಳೂ ತರಗತಿಗೆ ಮರಳಿದರು. ನನ್ನ ಮಗ ಸಮವಸ್ತ್ರ ಬಿಗಿಯಾಯಿತೆಂದು ದೂರುತ್ತ ಹೋದ. ಅವನಿಗೆ ಗುಡ್ಡ, ಗದ್ದೆ, ಅಜ್ಜಿಯ ನೆನಪು ಬಿಟ್ಟರೆ ಬೇರೇನೂ ಉಳಿದಂತಿಲ್ಲ. ಮಗಳೊಡನೆ ರಫ್ ಪುಸ್ತಕದ ಮಾತೆತ್ತಲು ನನಗೆ ಒಂದು ವರ್ಷ ಬೇಕಾಯಿತು. ಎತ್ತಿದಾಗ ಅವಳು ಮೊದಲು ಕೇಳಿದ್ದು, ಲೆಕ್ಕದಲ್ಲಿ ತಪ್ಪಿತ್ತೇ ಎಂದು. ತಪ್ಪಿರಲಿಲ್ಲ ಎಂದೆ. ಈಗ ತಿಂಗಳ ಮೊದಲ ವಾರ ಮನೆಯ ಖರ್ಚನ್ನು ಅವಳ ಮುಂದೆಯೇ, ದೀಪ ಹಾಕಿಕೊಂಡು, ಗಟ್ಟಿಯಾಗಿ ಮಾತನಾಡುತ್ತೇವೆ. ಆದರೂ ನಾನು ಯಾವುದಾದರೂ ಕಾರಣಕ್ಕೆ ಸಂಜೆ ಐದಕ್ಕೆ ಮೊದಲೇ ಮನೆಗೆ ಬಂದರೆ, ಬಾಗಿಲು ತೆರೆಯುವವಳು ಅವಳೇ ಆಗಿರುತ್ತಾಳೆ, ಮತ್ತು ನೀರು ಕೊಡುವ ಮೊದಲು ಕೇಳುತ್ತಾಳೆ: “ಅಪ್ಪಾ, ಆಫೀಸಿನಲ್ಲಿ ಎಲ್ಲ ಸರಿ ಉಂಟಲ್ಲ?”